ಹುಳವಿಲ್ಲದ ಬದನೆಕಾಯಿ

ಬದನೆಗಿಡಕ್ಕೆ ಹುಳ ಬೀಳುವುದು ಯಾರ ಮನೆಯಲ್ಲಿಲ್ಲ ಹೇಳಿ! ಚೈತ್ರದ ಬಿಸಿಲಲ್ಲಿ ಬಚ್ಚಲು ನೀರು ಹಾಯಿಸಿ ಗಿಡ ಉಳಿಸಿಕೊಂಡಿರುತ್ತೀರಿ. ಕಾಯಿ ತಂದು ಈಳಿಗೆಮಣೆಗೆ ಇಟ್ಟರೆ ಒಳಗೆ ಹುಳ ಹಾಯಾಗಿ ಮಲಗಿರುತ್ತದೆ. ಅಜ್ಜಂಪುರದ ತೀರ್ಥಮ್ಮನಿಗೂ ಇದೇ ಸಂಕಟ. ಹೋದ ವರ್ಷದ ತರಕಾರಿ ಪ್ರದರ್ಶನದಲ್ಲಿ ಅವಳ ಬದನೆಕಾಯಿಯಿಂದ ಎಲ್ಲರ ಮುಂದೆ ಹುಳ ಇಣುಕಿತ್ತು. ಯಾರು ಯಾರು ಕಿಸಕ್ಕನೆ ನಕ್ಕರು ಎಂಬುದು ಅವಳಿಗೆ ಇನ್ನೂ ನೆನಪಿತ್ತು.

ಇದು ಎಂಬತ್ತೆರಡನೇ ಇಸವಿಯ ಮಾತು. ಊರಿನ ಹೆಂಗಸರು ಸೇರಿ ಕೈತೋಟ ಸಂಘ ಕಟ್ಟಿಕೊಂಡಿದ್ದರು. ಬೀಜ ಹಂಚಿಕೊಳ್ಳುವುದು, ಆಡು ನುಗ್ಗದಂತೆ ಒಬ್ಬರ ಬೇಲಿಗೆ ಇನ್ನೊಬ್ಬರು ಮುಳ್ಳು ಕಟ್ಟುವುದು, ಬೀದಿ ನಲ್ಲಿಯಿಂದ ಹರಿದು ಕೆಸರಾಗುತ್ತಿದ್ದ ನೀರನ್ನು ಬಾಲವಾಡಿಯ ನುಗ್ಗೆ ಗಿಡಕ್ಕೆ ತಿರುಗಿಸುವುದು, ಎಲ್ಲ ಅವರದೇ ಕೆಲಸ. ಯುಗಾದಿ ಕಳೆದ ಮೇಲೆ ಒಂದು ದಿನ ಬಾಲವಾಡಿಯ ಜಗುಲಿಯಲ್ಲಿ ಪ್ರದರ್ಶನ. ಅವತ್ತು ಎಲ್ಲರ ತರಕಾರಿ ಸೇರಿಸಿ ಮಕ್ಕಳಿಗೆ ಹುಳಿ, ಅನ್ನ.

ಈ ಸಲ ತೀರ್ಥಮ್ಮನ ಕಾಯಿಗಳು ಮಿರಿಮಿರಿ ಮಿಂಚುತ್ತಿದ್ದವು. ಹುಡುಕಿದರೂ ಒಂದು ತೂತಿಲ್ಲ. ಹಿಂದಿನ ದಿನ ಸಂಜೆಯೇ ಬುಟ್ಟಿ ತುಂಬ ಕುಯ್ದು ಬಾಲವಾಡಿಗೆ ಹೊತ್ತಳು. ಚೆಂದದ ನಾಲ್ಕನ್ನು ತಟ್ಟೆಯಲ್ಲಿ ಜೋಡಿಸಿ, ಮಿಕ್ಕದ್ದನ್ನು ಅಡುಗೆಕೋಣೆಯಲ್ಲಿ ಎಲ್ಲರೂ ತಂದು ಹಾಕಿದ್ದ ಬದನೆಕಾಯಿ ರಾಶಿಗೆ ಸುರಿದು, ಬೀಗುತ್ತ ಮನೆಗೆ ಬಂದಳು.

ಗಂಡ ಬೆನಕಪ್ಪ ಕೊಟ್ಟಿಗೆಯಲ್ಲಿ ಕರು ಕಟ್ಟುತ್ತಿದ್ದ.

"ಲೇ, ಈ ಕರೂನ ಬದನೆ ಪಾತಿ ಕಡೆ ಬಿಡಬೇಡ ಕಣೇ. ಒಂದು ವಾರ ಹುಷಾರು."

"ಯಾಕ್ರೀ?"

"ಹತ್ತಿಗೆ ತಂದಿದ್ದ ಔಷಧಿ ಮಿಕ್ಕಿತ್ತಲ್ಲ, ಮೊನ್ನೆ ಹೊಡ್ದೆ. ಈ ಸಲನಾದ್ರೂ ನಿನ್ನ ಮರ್ಯಾದೆ ಉಳೀಲಿ ಅಂತ."

ತೀರ್ಥಮ್ಮ ಖಾಲಿ ಬುಟ್ಟಿ ಕೆಳಗಿಟ್ಟು ಅವನ ಎದುರಿಗೆ ಬಂದಳು.

"ಕರು ತಿಂದ್ರೆ ಏನಾಯ್ತದೆ?"

"ನಂಜಾಯ್ತದೆ. ಎಳೇ ಕರು, ತಡೆಯಲ್ಲ."

"ಹಂಗಾರೆ ಬಾಲವಾಡಿ ಮಕ್ಕಳೇನು ಬಲಿತ ಎತ್ತುಗಳಾ?"

"ಅಯ್ಯೋ, ತೊಳ್ದು ಬೇಯಿಸ್ತಾರೆ ಬಿಡೇ. ಎಲ್ಲಾದಕ್ಕೂ ಗಲಾಟೆ ಮಾಡ್ತೀಯ."

ಅವಳ ಮೈಯೆಲ್ಲ ಉರಿದುಹೋಯಿತು. "ನನ್ನ ಮರ್ಯಾದೆಗೆ ಬೆಂಕಿ ಬೀಳ! ಎದ್ದು ಬನ್ನಿ ನನ್ನ ಜೊತೆ. ಬರ್ದೇ ಹೋದ್ರೆ ಬೀದೀಲಿ ನಿಂತು ಕೂಗ್ತೀನಿ."

ಕೂಗುವವಳೇ ಎಂದು ಗೊತ್ತಿದ್ದ ಬೆನಕಪ್ಪ ಗೊಣಗುತ್ತ ಹೆಗಲ ಮೇಲೆ ಟವೆಲು ಹಾಕಿಕೊಂಡು ಹಿಂದೆ ಬಂದ.

ಬಾಲವಾಡಿಯಲ್ಲಿ ಗ್ರಾಮಸೇವಕಿ ಸಾವಿತ್ರಮ್ಮ ಮೇಜು ಒರೆಸುತ್ತಿದ್ದರು. ಸಂಘದ ಜವರಮ್ಮ ತನ್ನ ಹಿತ್ತಲ ಬದನೆಕಾಯಿ ಸುರಿದು ಆಗ ತಾನೇ ಸೆರಗಲ್ಲಿ ಬೆವರು ಒರೆಸಿಕೊಂಡಿದ್ದಳು. ತೀರ್ಥಮ್ಮ ಸುತ್ತಿ ಬಳಸಿ ಹೇಳಲಿಲ್ಲ. "ಮೇಡಂ, ನನ್ನ ಕಾಯಿಗೆ ವಿಷ ಹೊಡ್ದವ್ರೆ. ಅದನ್ನ ರಾಶಿಗೆ ಸುರಿದುಬಿಟ್ಟಿದೀನಿ" ಎಂದಳು.

ಸಾವಿತ್ರಮ್ಮ ಒರೆಸುವ ಬಟ್ಟೆ ಅಲ್ಲೇ ಬಿಟ್ಟರು. "ಯಾವಾಗ ಹೊಡೆದಿರಿ, ಬೆನಕಪ್ಪ?"

"ಮೊನ್ನೆ. ಅದಕ್ಯಾಕೆ ಇಷ್ಟು ರಾದ್ಧಾಂತ? ನಾವು ಹೊಲಕ್ಕೆ ಹೊಡಿಯಲ್ವಾ?"

"ಹತ್ತೀನ ಯಾರೂ ಹುಳಿ ಮಾಡಿ ಉಣ್ಣಲ್ಲ ಕಣಪ್ಪ! ಈ ವಿಷ ಬರೀ ಸಿಪ್ಪೆ ಮೇಲೆ ಕೂತಿರಲ್ಲ, ಒಳಕ್ಕೂ ಇಳೀತದೆ. ತೊಳೆದ್ರೆ ಪೂರ್ತಿ ಹೋಗಲ್ಲ, ಬೇಯಿಸಿದ್ರೂ ಹೋಗಲ್ಲ. ಯಾವ ಬೆಳೆಗೆ ಹೊಡೀಬೇಕು, ಹೊಡೆದ ಮೇಲೆ ಎಷ್ಟು ದಿನ ಕುಯ್ಯಬಾರದು ಅಂತ ಡಬ್ಬದ ಮೇಲೇ ಬರೆದಿರ್ತಾರೆ."

"ಇಂಗ್ಲಿಷಲ್ಲಿ ಬರ್ದಿದ್ರೆ ನಾನೇನು ಮಾಡ್ಲಿ?"

"ತಲೆಬುರುಡೆ ಚಿತ್ರ ಹಾಕಿರ್ತಾರಲ್ಲ, ಅದಕ್ಕೂ ಇಂಗ್ಲಿಷ್ ಬೇಕಾ?" ಎಂದು ತೀರ್ಥಮ್ಮ ಮೇಲೆಬಿದ್ದಳು. "ಓದೋರನ್ನ ಕೇಳಕ್ಕೆ ಬಾಯಿರಲಿಲ್ವಾ?"

"ಆ ಡಬ್ಬ ಈಗೆಲ್ಲಿದೆ?" ಎಂದರು ಸಾವಿತ್ರಮ್ಮ.

ಬೆನಕಪ್ಪ ನೆಲ ನೋಡಿದ. "ಖಾಲಿಯಾಯ್ತಲ್ಲ, ಮೇಲಿನ ಚೀಟಿ ಕಿತ್ತು, ತೊಳ್ದು, ತಂತಿ ಹಿಡಿ ಹಾಕಿ, ಪಾತಿಗೆ ನೀರು ಹಾಕ್ಲಿ ಅಂತ ಇವಳಿಗೇ ಕೊಟ್ಟೆ."

ತೀರ್ಥಮ್ಮ ಬೆಳಿಗ್ಗೆ ಅದೇ ಡಬ್ಬದಲ್ಲಿ ನೀರು ಮೊಗೆದು ಮುಖ ತೊಳೆದಿದ್ದಳು, ಕೊತ್ತಂಬರಿ ಪಾತಿಗೂ ಅದರಲ್ಲೇ ನೀರು ಹಾಕಿದ್ದಳು. ಹೆಂಡತಿಗೆ ವಿಷದ ಡಬ್ಬವನ್ನು ಸಿಂಗರಿಸಿ ಕೊಡುವ ಗಂಡನಿಗೆ ಏನೆಂದು ಬೈಯುವುದು? ಅವಳು ಹೊರಗೆ ಹೋಗಿ ಸೋಪು ಹಾಕಿ ಮುಖ, ಕೈ ತಿಕ್ಕಿ ತೊಳೆದು ಬಂದಳು.

ಬೆನಕಪ್ಪ ಮೆಲ್ಲಗೆ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ಆಯ್ತು, ನಮ್ಮ ಕಾಯಿ ಆರಿಸಿ ತೆಗೆದ್ಬಿಡ್ತೀನಿ. ಮಿಕ್ಕಿದ್ದು ಬೇಯಿಸ್ಕೊಳ್ಳಿ" ಎಂದು ಕೈ ಹಾಕಿದ.

ಒಂದು ತೆಗೆದ. ತಿರುಗಿಸಿ ನೋಡಿದ. ಇನ್ನೊಂದು ತೆಗೆದು ಮತ್ತೆ ವಾಪಸು ಇಟ್ಟ. ಎಲ್ಲವೂ ಒಂದೇ ಬೀಜದ ಕಾಯಿ, ಸಂಘದವರೇ ಹಂಚಿಕೊಂಡ ಬೀಜ.

ಜವರಮ್ಮ ಅವನ ಎದುರಿಗೆ ಬಂದು ನಿಂತಳು. "ಬೆನಕಪ್ನೋರೇ, ನನ್ನ ಮೊಮ್ಮಗಳು ನಾಳೆ ಇಲ್ಲೇ ಕೂತು ಉಣ್ಣೋಳು. ನೀವು ಆರಿಸಿದ್ಮೇಲೆ ಒಂದೂ ಉಳಿದಿಲ್ಲ ಅಂತ ಆ ಮಗು ತಲೆ ಮುಟ್ಟಿ ಹೇಳ್ತೀರಾ? ಹೇಳಿ. ಆಗ ಬೇಯಿಸ್ತೀವಿ."

ಬೆನಕಪ್ಪನ ಕೈ ರಾಶಿಯ ಮೇಲೇ ನಿಂತಿತು. ಹೇಳಿದರೆ ಹೇಳಿಬಿಡಬಹುದಿತ್ತು, ಮಾತಿಗೇನು. ಆದರೆ ಕೊನೆಗೆ ಕಾಯಿ ಕೆಳಗಿಟ್ಟು, "ಆಗಲ್ಲ ಕಣಮ್ಮ. ಗುದ್ದಲಿ ಎಲ್ಲಿದೆ ಕೊಡಿ" ಎಂದ.

ಸುದ್ದಿ ಮುಟ್ಟಿ ಸಂಘದ ಹೆಂಗಸರೆಲ್ಲ ಓಡಿ ಬಂದರು. ಕೂಗಾಟ ಆಗದೆ ಇರುತ್ತದೆಯೇ? ಜಯಲಕ್ಷ್ಮಮ್ಮ ಸೊಂಟದ ಮೇಲೆ ಕೈಯಿಟ್ಟು, "ಬೇಸಿಗೆಯೆಲ್ಲ ನೀರು ಹೊತ್ತು ಬೆಳೆಸಿದ್ದು ಮಣ್ಣಿಗೆ ಹಾಕಕ್ಕಾ?" ಎಂದು ಅತ್ತೇಬಿಟ್ಟಳು. ಬೆನಕಪ್ಪ ಎಲ್ಲರ ಮುಂದೆ, "ನಾನೇ ಹೊಡ್ದಿದ್ದು. ಇವಳಿಗೆ ಗೊತ್ತಿರಲಿಲ್ಲ. ಬೈಯೋದಿದ್ರೆ ನನ್ನ ಬೈರಿ" ಎಂದ. ಅವರು ಬೈದರು, ಹೊಟ್ಟೆ ತುಂಬ ಬೈದರು. ಬಾವಿಯಿಂದ ದೂರ ಹೋಗಿ ಅವನು ಆಳವಾಗಿ ಗುಂಡಿ ತೋಡಿದ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಅಷ್ಟೂ ಬದನೆಕಾಯಿ, ಮನೆಯಿಂದ ಕಿತ್ತು ತಂದ ತೀರ್ಥಮ್ಮನ ಕೊತ್ತಂಬರಿ, ಜಜ್ಜಿ ತೂತು ಮಾಡಿದ ಆ ಡಬ್ಬ, ಎಲ್ಲ ಹಾಕಿ ಮುಚ್ಚಿದ.

ಮರುದಿನ ಪ್ರದರ್ಶನ ನಡೆಯಿತು, ಬದನೆಕಾಯಿ ಒಂದೂ ಇಲ್ಲದೆ. ಮಕ್ಕಳು ಕುಂಬಳಕಾಯಿ, ನುಗ್ಗೆಕಾಯಿ ಹುಳಿ ಉಂಡರು. ಹುಳ ಬಿದ್ದರೆ ಏನು ಮಾಡಬೇಕೆಂದು ಸಾವಿತ್ರಮ್ಮ ಎಲ್ಲರಿಗೂ ಗಿಡದ ಹತ್ತಿರವೇ ನಿಂತು ತೋರಿಸಿಕೊಟ್ಟರು. ಬಾಡಿದ ಕುಡಿ ಕಂಡ ತಕ್ಷಣ ಚಿವುಟಿ ಸುಡಿ. ತೂತು ಬಿದ್ದ ಕಾಯಿ ಗಿಡದಲ್ಲಿ ಬಿಡಬೇಡಿ. ಬೇವಿನ ಬೀಜ ಕುಟ್ಟಿ ಒಂದು ರಾತ್ರಿ ನೆನೆಸಿ, ಸೋಸಿದ ನೀರು ಚಿಮುಕಿಸಿ. ಬೆನಕಪ್ಪನೂ ಹಿಂದಿನ ಸಾಲಿನಲ್ಲಿ ನಿಂತು ಕೇಳಿದ.

ತೀರ್ಥಮ್ಮನ ಸಿಟ್ಟು ಮಾತ್ರ ಇಳಿಯಲಿಲ್ಲ. ಇಳಿಯಬೇಕಾಗಿಯೂ ಇಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಈ ಕಾಗದ ಹಂಚುತ್ತಿರುವ ನಮಗೆ ನಿಮ್ಮ ಮೇಲೂ ಸಿಟ್ಟಿದೆ. ಹೊಲದ ವಿಷವನ್ನು ಹಿತ್ತಲಿಗೆ ತರಬೇಡಿ. ಹೊಡೆದ ಹೊಲದಲ್ಲಿ ಮಕ್ಕಳನ್ನು ಬಿಡಬೇಡಿ. ವಿಷ ತಾಕಿ ಯಾರಿಗಾದರೂ ವಾಂತಿ, ತಲೆಸುತ್ತು ಬಂದರೆ ಮಂತ್ರ, ಮನೆಮದ್ದು ಎಂದು ಕೂರಬೇಡಿ, ಡಬ್ಬದ ಸಮೇತ ಆಸ್ಪತ್ರೆಗೆ ಓಡಿ. ಖಾಲಿ ಡಬ್ಬದಲ್ಲಿ ಬೆಲ್ಲವನ್ನೋ ಸೀಮೆಎಣ್ಣೆಯನ್ನೋ ತುಂಬಿಟ್ಟವರು ನಿಮ್ಮಲ್ಲೇ ಇದ್ದೀರಿ, ನಮಗೆ ಗೊತ್ತು. ಈ ಕಾಗದ ಮಡಚಿಟ್ಟು ನಾಳೆ ನೋಡೋಣ ಎನ್ನಬೇಡಿ. ನಿಮ್ಮ ಮಗುವಿಗೆ ಹಸಿವಾಗುವುದು ಇವತ್ತೇ. ಏಳಿ, ಅಡುಗೆಮನೆಯ ಅಟ್ಟ ನೋಡಿ ಬನ್ನಿ.