ಸಿನಿಮಾದವಳು ಕೊಡಬೇಕಾದ ಫೀಸು

ಸಂಗೀತದ ಮಣಿಮೇಗಲೈ ಟೀಚರಿಗೆ ನಮ್ಮ ಮನೆಯಿಂದ ಒಂದು ತಿಂಗಳ ಫೀಸು ಇನ್ನೂ ಬಾಕಿಯಿದೆ. ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ.

"ಆ ತಿಂಗಳು ಇಲ್ಲಿ ಹಾಡಿದ್ದು ನಿಮ್ಮ ಹುಡುಗಿ ಅಲ್ಲ ವೀರಮ್ಮಾಳಕ್ಕಾ. ಯಾವಳೋ ಸಿನಿಮಾದವಳು ಹಾಡಿದ್ಲು. ಅವಳ ತಾವ ಇಸ್ಕೋತೀನಿ, ನೀವು ದುಡ್ಡು ಮಡಿಕಂಡು ಓಗಿ."

ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ತೋಟದ ಹೆಂಗಸರನ್ನು ಕಟ್ಟಿಕೊಂಡು ಕೂಲಿಗಾಗಿ ರಸ್ತೆಯಲ್ಲಿ ಕೂತವಳು ನಾನು. ದುಡಿದದ್ದನ್ನು ಬೇಡವೆನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ಆದರೂ ಈ ಹೆಂಗಸಿನ ಮೇಲೆ ನನ್ನ ಸಿಟ್ಟು ನಿಲ್ಲಲಿಲ್ಲ.

ಬೋಡಿನಾಯಕನೂರಿನ ಏಲಕ್ಕಿ ಮಂಡಿಗಳ ಹಿಂದಿನ ಓಣಿಯಲ್ಲಿ ಅವರ ಮನೆ. ಅರವತ್ತು ದಾಟಿದ ಕುಳ್ಳ ದೇಹ. ತಲೆಯ ಮೇಲೆ ತುಂಬಿದ ಕೊಡವಿದೆಯೇನೋ ಎಂಬಂತೆ ಕತ್ತು ಅಲುಗದ ನಡಿಗೆ. ಬೇಸಿಗೆಯ ಧಗೆಯಲ್ಲೂ ಸೀರೆಯ ಮೇಲೆ, ಬೆಟ್ಟದ ಏಲಕ್ಕಿ ತೋಟದಲ್ಲಿ ಮೇಸ್ತ್ರಿಯಾಗಿದ್ದ ಅಪ್ಪನ ಉಣ್ಣೆಯ ಕೋಟು. ಅದರ ಒಂದು ಜೇಬಿನಲ್ಲಿ ಕಲ್ಲುಸಕ್ಕರೆ, ಇನ್ನೊಂದರಲ್ಲಿ ಕರಿಮೆಣಸು. ಕೆಟ್ಟದಾಗಿ ಹಾಡಿದವಳಿಗೆ ಸಕ್ಕರೆ, ಚೆನ್ನಾಗಿ ಹಾಡಿದವಳಿಗೆ ಮೆಣಸು. ಸೋತವಳಿಗೆ ತಾನೇ ಸಿಹಿ ಬೇಕಾದ್ದು ಎಂಬುದು ಅವರ ನ್ಯಾಯ. ಪಾಠವೆಲ್ಲ ತಮಿಳಿನಲ್ಲಿ, ಬೈಗುಳ, ಅಕ್ಕರೆ ಮಾತ್ರ ತಲೆಮಾರುಗಳ ಹಿಂದೆ ಈ ತಮಿಳು ಸೀಮೆಗೆ ಬಂದ ನಮ್ಮಿಬ್ಬರ ಮನೆಗಳ ಹಳೆಯ ಕನ್ನಡದಲ್ಲಿ. ಶಿಷ್ಯೆಯ ಫೋನು ಬಾಗಿಲಲ್ಲೇ ಅಕ್ಕಿಯ ಡ್ರಮ್ಮಿಗೆ ಇಳಿಯುತ್ತದೆ. ಅದು ಒಳಗಿಂದ ರಿಂಗಾದರೆ, "ಅಕ್ಕಿ ಅಳ್ತೈತೆ, ಅಳ್ಳಿ ಬಿಡು" ಎನ್ನುತ್ತಾರೆ. ಹಾಡು ಮುಗಿದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ, ಕಥೆ ಕೇಳುವ ಮಗುವಿನಂತೆ ಒಂದೇ ಮಾತು: "ಆಮೇಲೆ?"

ಪಾಠ ಒಬ್ಬೊಬ್ಬರಿಗೇ. ಹತ್ತು ಮಕ್ಕಳನ್ನು ಸಾಲಾಗಿ ಕೂರಿಸಿದರೆ ಹತ್ತು ಪಾಲು ಫೀಸು ಬರುವುದನ್ನು ಬಲ್ಲರು, ಆದರೂ ಒಪ್ಪರು. ಗುಂಪಿಲ್ಲದೆ ಏನೂ ಆಗದೆಂದು ನಂಬಿ ಬದುಕಿದ ನಾನು ಸುಮ್ಮನಿರಲಾರದೆ ಜಗಳಕ್ಕೇ ಇಳಿದೆ.

"ಹತ್ತು ಜನ ಹಾಡಿದ್ರೆ ಒಬ್ಬಳು ಇನ್ನೊಬ್ಬಳ ಸೆರಗಲ್ಲಿ ಅವುತ್ಕತಾಳೆ ಅಕ್ಕಾ."

"ಸೆರಗು ಹಿಡಿದೇ ನಾವು ಕೂಲಿ ಗೆದ್ದದ್ದು."

"ಸರಿ. ಘೋಷಣೆ ಮೊದಲು ಕೂಗಿದೋಳು ಒಬ್ಬಳೇ ತಾನೆ?"

ಆ ಮೊದಲು ಕೂಗಿದವಳು ನಾನೇ.

ನಮ್ಮ ಹುಡುಗಿ ನಿವೇತಾ ನನ್ನ ತಮ್ಮ ಚಿನ್ನಸಾಮಿಯ ಮಗಳು. ತೇನಿಯಲ್ಲಿ ಕಾಲೇಜು, ಶನಿವಾರ ಬೋಡಿಗೆ ಬಸ್ಸು, ಜೊತೆಗೆ ನಾನು, ಟೀಚರ ಜಗಲಿಯ ಮೇಲೆ ಕಾವಲು. ಅವಳ ದನಿ ದಪ್ಪ, ತಗ್ಗು. "ಗಂಡುಗಂಟಲು, ಇವಳು ಹಾಡಿದ್ರೆ ಗಂಡಿನ ಮನೆಯೋರು ಎದ್ದು ಓಡ್ತಾರೆ" ಎಂದು ಚಿನ್ನಸಾಮಿ ನೆಂಟರ ಮುಂದೆಯೇ ನಗುತ್ತಿದ್ದ. ಹುಡುಗಿ ಫೋನಿನಲ್ಲಿ ಸಿನಿಮಾದವರ ಹಾಡು ನೋಡಿ ನೋಡಿ, ಗಂಟಲನ್ನು ಹಿಂಡಿ, ಒಂದು ತೆಳ್ಳನೆಯ ಜೇನುದನಿಯನ್ನು ಸಾಧಿಸಿಕೊಂಡಿದ್ದಳು. ಟೀಚರು ಮೊದಲ ತಿಂಗಳು ಅದನ್ನು ಸುಮ್ಮನೆ ಕೇಳಿ ಸಕ್ಕರೆ ಕೊಟ್ಟರು. ಎರಡನೆಯ ತಿಂಗಳು ಶ್ರುತಿಪೆಟ್ಟಿಗೆಯ ಶ್ರುತಿಯನ್ನು ತಗ್ಗಿಸಿ, ಷಡ್ಜವೊಂದನ್ನೇ ಹಿಡಿಸಿದರು.

"ಇಳೀ ಪಾಪಾ, ಇನ್ನೂ ಇಳೀ. ಬೀಳಲ್ಲ. ಕೆಳಗೂ ನೆಲ ಐತೆ."

ಒಂದು ಶನಿವಾರ ಒಳಗಿಂದ ಬಂದ ದನಿ ಯಾರದೆಂದು ನನಗೆ ತಿಳಿಯಲಿಲ್ಲ. ತೋಟದ ಆ ತುದಿಯಿಂದ ಕೂಗಿದರೆ ಈ ತುದಿಯ ಕೆಲಸ ನಿಲ್ಲುವಂಥ ದನಿ. ಎದ್ದು ಇಣುಕಿದೆ. ನಿವೇತಾ ಕಣ್ಣು ಮುಚ್ಚಿ ಕೂತಿದ್ದಳು. "ಆಮೇಲೆ?" ಎಂದರು ಟೀಚರು.

ಆಮೇಲೆ ಕಾಲೇಜಿನ ಸ್ಪರ್ಧೆ ಬಂತು. ರೆಕಾರ್ಡಿನ ಸಂಗೀತಕ್ಕೆ ಹೊಂದಿಸಿ ಹಾಡುವುದೇ ನಿಯಮ. ರೆಕಾರ್ಡೋ ಆ ಜೇನುದನಿಯ ಎತ್ತರದ್ದು. ಅದಕ್ಕೆ ಹಾಡಬೇಕೆಂದರೆ ಮತ್ತೆ ಗಂಟಲು ಹಿಂಡಬೇಕು. ಹೀಗೆ ಮಾಡು, ಹಾಗೆ ಮಾಡು ಎಂದು ಟೀಚರು ಹೇಳಲಿಲ್ಲ. ಕೋಟು ತೊಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತರು. ಪಕ್ಕದಲ್ಲಿ ನಾನು, ಚಿನ್ನಸಾಮಿ. ರೆಕಾರ್ಡು ಶುರುವಾಯಿತು. ನಿವೇತಾ ಕೈಯೆತ್ತಿದಳು. "ಅದನ್ನ ನಿಲ್ಲಿಸಿ ಸಾರ್" ಎಂದಳು. ನಿಲ್ಲಿಸಿದರು. ತನ್ನ ತಗ್ಗಿನಲ್ಲೇ, ಯಾವ ವಾದ್ಯದ ಊರುಗೋಲೂ ಇಲ್ಲದೆ ಹಾಡಿದಳು. ಹಿಂದೆ ಕೂತ ಹುಡುಗರು ಹಾಡಿನ ಮೊದಲ ಸಾಲಿಗೆ ನಕ್ಕರು, ಎರಡನೆಯ ಸಾಲಿಗೆ ಸುಮ್ಮನಾದರು.

ಬಹುಮಾನ ಬರಲಿಲ್ಲ. ನಿಯಮ ಮೀರಿದಳಂತೆ.

"ಇಷ್ಟು ದೂರ ಬಂದು ಬರಿಗೈ" ಎಂದು ಚಿನ್ನಸಾಮಿ ಗೊಣಗಿದ. ಟೀಚರು ಜೇಬಿಗೆ ಕೈಹಾಕಿದರು. ಸಕ್ಕರೆಯೆಂದು ನಿವೇತಾ ಮುಖ ಸಣ್ಣದು ಮಾಡಿ ಅಂಗೈ ಚಾಚಿದಳು. ಬಿದ್ದದ್ದು ಮೆಣಸು.

"ಆಮೇಲೆ?"

"ಶನಿವಾರ ಬರ್ತೀನಿ ಟೀಚರ್" ಎಂದಳು, ಆ ದಪ್ಪ ದನಿಯಲ್ಲೇ, ಅಪ್ಪನಿಗೂ ಕೇಳುವ ಹಾಗೆ.

ತಮ್ಮ ಸ್ವರವನ್ನು ಶಿಷ್ಯರ ಬಾಯಿಗೆ ತುರುಕುವ ಗುರುಗಳು ಊರೂರಿಗೂ ಸಿಗುತ್ತಾರೆ. ಅವರವರ ಸ್ವರವನ್ನು ಅವರವರಿಗೇ ಬಿಡಿಸಿಕೊಟ್ಟು, ಅದರ ಕೀರ್ತಿಗೆ ಕೈಚಾಚದೆ, ಮುಂದಿನ ಹುಡುಗಿಗೆ ಚಾಪೆ ಹಾಸುವವರದು ಬೇರೆಯೇ ಕುಲ. ಅವರಿಗೆ ಸನ್ಮಾನದ ಶಾಲು ಹೊದಿಸಿದರೂ ಕೋಟಿನ ಮೇಲೆ ನಿಲ್ಲುವುದಿಲ್ಲ.

ಆ ಮೊದಲ ತಿಂಗಳ ಫೀಸು ನನ್ನ ಚೀಲದಲ್ಲೇ ಇದೆ. ಸಿನಿಮಾದವಳೇಕೆ ಕೊಟ್ಟಾಳು? ಹುಡುಗಿಯ ದನಿಗೆ ಗಂಡುಗಂಟಲೆಂದು ಹೆಸರಿಟ್ಟವರು ಕೊಡಬೇಕು. ಓದುತ್ತಿರುವ ನಿಮ್ಮ ಮನೆಯಲ್ಲೂ ಅಂಥವಳೊಬ್ಬಳು ಇದ್ದಾಳೆ. ಫೋನನ್ನು ಅಕ್ಕಿಗೆ ಹಾಕಿ. ಅವಳನ್ನು ಕರೆದು ಕೂರಿಸಿ, ಹಾಡು ಎನ್ನಿ. ಮುಗಿಯುವ ತನಕ ಬಾಯಿ ಮುಚ್ಚಿಕೊಂಡು ಕೇಳಿ.