ಕಾಫಿ ರೋಗಗಳ ಹಿಂದೆ ಬಚ್ಚಿಟ್ಟ ಕಾದಂಬರಿ

ಬಣಕಲ್ ಗ್ರಂಥಾಲಯದಲ್ಲಿ ಬೆನ್ನು ಬಿಚ್ಚಿಹೋದ ಪತ್ತೇದಾರಿ ಕಾದಂಬರಿಯೊಂದಿತ್ತು. ಬೈಂಡಿಂಗ್ ಆಗುವವರೆಗೆ ಮನೆಗೆ ಕೊಡುವುದಿಲ್ಲ, ಇಲ್ಲೇ ಕೂತು ಓದಿ ಎಂದು ಗ್ರಂಥಪಾಲಕಿ ದೀಪಶ್ರೀ ಹೇಳಿಬಿಟ್ಟಿದ್ದಳು. ಹಾಗಾಗಿ ಟೈಲರ್ ಹಮೀದುನ್ನೀಸಾ ದಿನವೂ ಅಂಗಡಿ ತೆರೆಯುವ ಮುಂಚೆ ಬಂದು ಅರ್ಧ ಗಂಟೆ ಓದುತ್ತಿದ್ದಳು. ನಡುವೆ ಬೇರೆ ಯಾರಾದರೂ ಎತ್ತಿಕೊಂಡರೆ ಎಂಬ ಹೆದರಿಕೆ ಅವಳಿಗೆ. ಹೋಗುವಾಗ ಅದನ್ನು ಕಾಫಿ ರೋಗಗಳ ಪುಸ್ತಕಗಳ ಹಿಂದೆ ತೂರಿಸಿಡುತ್ತಿದ್ದಳು. ಆ ಪುಸ್ತಕಗಳನ್ನು ಬೆಳೆಗಾರರೂ ಮುಟ್ಟುತ್ತಿರಲಿಲ್ಲ.

ಐದನೆಯ ದಿನ ಪುಸ್ತಕ ಅಲ್ಲಿರಲಿಲ್ಲ. ಮೂರು ಕಪಾಟು ಜಾಲಾಡಿದ ಮೇಲೆ ಕಾನೂನು ಪುಸ್ತಕಗಳ ಹಿಂದೆ ಅಡ್ಡ ಮಲಗಿದ್ದು ಸಿಕ್ಕಿತು. ಯಾರೋ ಬೇಕೆಂದೇ ಇಟ್ಟಿದ್ದರು. ಅವಳು ಅದನ್ನು ಹಳೆಯ ವಾರಪತ್ರಿಕೆಗಳ ಅಡಿಗೆ ಸೇರಿಸಿದಳು. ಮರುದಿನ ಅದು ಯೋಗಾಸನಗಳ ಮಧ್ಯೆ ಇತ್ತು. ಹೀಗೇ ಒಂದು ವಾರ ಕಳೆಯಿತು. ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಹುಡುಕುವುದಕ್ಕೇ ಹೋಗುತ್ತಿತ್ತು.

ರೇಗಿಹೋಗಿ ಪುಸ್ತಕದೊಳಗೆ ಒಂದು ಚೀಟಿ ಇಟ್ಟಳು: ‘ಬಚ್ಚಿಡುವವರಿಗೆ ನಾಚಿಕೆಯಾಗಬೇಕು.’ ಮರುದಿನ ಅದರ ಕೆಳಗೆ ಗುಂಡು ಅಕ್ಷರದ ಉತ್ತರವಿತ್ತು: ‘ಮೊದಲು ಬಚ್ಚಿಟ್ಟವರಿಗೆ?’

ಆ ದಿನ ಮಧ್ಯಾಹ್ನ ಅವಳು ಅಂಗಡಿಗೆ ಬೀಗ ಹಾಕಿ ಸದ್ದಿಲ್ಲದೆ ಗ್ರಂಥಾಲಯಕ್ಕೆ ಬಂದಳು. ಕಪಾಟಿನ ಹತ್ತಿರ ದಾಸಯ್ಯ ಬಗ್ಗಿ ಪುಸ್ತಕವನ್ನು ಒಳಗೆ ತಳ್ಳುತ್ತಿದ್ದ. ಎಸ್ಟೇಟೊಂದರಲ್ಲಿ ಮೂವತ್ತು ವರ್ಷ ರೈಟರ್ ಆಗಿ ಆಳುಗಳ ಹಾಜರಿ ಬರೆದು ನಿವೃತ್ತನಾದವನು. ಅವನ ಹೆಂಡತಿಯ ರವಿಕೆಗಳನ್ನು ಹೊಲಿಯುವವಳು ಇವಳೇ.

“ರೈಟ್ರೇ, ನೀವಾ?”

ದಾಸಯ್ಯ ನಿಧಾನವಾಗಿ ನೆಟ್ಟಗಾದ. “ಓ, ನೀವಾ ಹಮೀದಮ್ಮ,” ಎಂದ.

“ಇನ್ನೊಂದ್ಸಲ ಬಚ್ಚಿಟ್ರೆ ಕೊಲೆ ಮಾಡಿದ್ದು ಯಾರು ಅಂತ ಹೇಳ್ಬಿಡ್ತೀನಿ ನೋಡಿ,” ಎಂದಳು ಹಮೀದುನ್ನೀಸಾ. ಅವಳು ಇನ್ನೂ ಅರ್ಧ ಪುಸ್ತಕವನ್ನೂ ದಾಟಿರಲಿಲ್ಲ.

“ಬೇಡ ಮಾರಾಯ್ರೇ, ದಮ್ಮಯ್ಯ. ನೀವೇ ಮೊದ್ಲು ಮುಗ್ಸಿ,” ಎಂದು ಅವನು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಅವಳು ನಾಲ್ಕೇ ದಿನಗಳಲ್ಲಿ ಮುಗಿಸಿದಳು. ಆದರೆ ಹೇಳಿದ ಸುಳ್ಳು ಮನಸ್ಸನ್ನು ಚುಚ್ಚುತ್ತಿತ್ತು. ಮತ್ತೆ ಮಧ್ಯಾಹ್ನ ಬಂದು, ಪೇಪರ್ ಓದುತ್ತಿದ್ದ ದಾಸಯ್ಯನ ಮುಂದೆ ನಿಂತಳು.

“ರೈಟ್ರೇ, ಅವತ್ತು ನಂಗೆ ಕೊಲೆಗಾರ ಯಾರು ಅಂತ ಗೊತ್ತೇ ಇರ್ಲಿಲ್ಲ.”

“ನಂಗೆ ಗೊತ್ತಿತ್ತು,” ಎಂದ ದಾಸಯ್ಯ. “ಅವತ್ತಿಗಾಗ್ಲೇ ಓದಿ ಮುಗ್ಸಿದ್ದೆ. ಬಚ್ಚಿಡೋದು ಒಂಥರಾ ಅಭ್ಯಾಸ ಆಗ್ಬಿಟ್ಟಿತ್ತು.”

“ಮತ್ಯಾಕೆ ಹೇಳ್ಬೇಡಿ ಅಂತ ಬೇಡ್ಕೊಂಡ್ರಿ?”

“ನೀವು ಅಷ್ಟು ಖುಷಿಯಿಂದ ಹೆದರಿಸ್ತಿದ್ರಿ. ನಂದು ಓದಿ ಆಗಿದೆ ಅನ್ನೋಕೆ ಮನಸ್ಸಾಗ್ಲಿಲ್ಲ.”

ಹಮೀದುನ್ನೀಸಾ ಅವನನ್ನೇ ದುರುಗುಟ್ಟಿ ನೋಡಿದಳು. ನಗು ತಡೆಯಲಾಗದೆ ಕುರ್ಚಿ ಎಳೆದು ಕೂತಳು. “ಹಂಗಾದ್ರೆ ಇದನ್ನ ಹೇಳಿ. ಕೊಲೆ ಮಾಡಿದ ಆ ಮ್ಯಾನೇಜರಿಗೆ ಕೋಣೆ ಕೀಲಿ ಸಿಕ್ಕಿದ್ದೆಲ್ಲಿ? ಅದನ್ನ ಬರ್ದೇ ಇಲ್ಲ.”

“ಬರ್ದಿದೆ. ನೀವು ಸರಿಯಾಗಿ ಓದಿಲ್ಲ.”

“ಎಲ್ಲಿ, ತೋರ್ಸಿ.”

ಬಾಗಿಲು ಹಾಕುವ ಹೊತ್ತಾಯಿತು ಎಂದು ದೀಪಶ್ರೀ ಎರಡು ಸಲ ಹೇಳಿದಳು. ಇಬ್ಬರೂ ತಲೆ ಎತ್ತದೆ ಹಾಳೆ ತಿರುವುತ್ತಿದ್ದರು.