ಮೊಣಕೈ ಮೇಲಿನ ಟೇಪು

ತಂತಿಗೆ ತೂಗಿ ಬೆಟ್ಟಕ್ಕೇರುವ ಗೊಂಡೋಲವನ್ನು ಹತ್ತುವವರ ಸಾಲು ಏಳು ಗಂಟೆಗೇ ಬೇಕರಿಯ ಮೂಲೆ ದಾಟಿ ರಸ್ತೆಗೆ ಇಳಿದಿತ್ತು. ರಾತ್ರಿಯಿಡೀ ಹಿಮ ಸುರಿದು ಮೊಣಕಾಲುದ್ದ ಬಿದ್ದಿತ್ತು. ಅಂಥ ಬೆಳಗ್ಗೆ ಬಾನ್ಸ್ಕೊ ಎಂಬ ಆ ಬೆಟ್ಟದೂರಿನಲ್ಲಿ ಯಾರೂ ಕಾಫಿಯನ್ನು ಕೂತು ಕುಡಿಯುವುದಿಲ್ಲ. ಒಂದು ಕೈಯಲ್ಲಿ ಸ್ಕೀ, ಇನ್ನೊಂದರಲ್ಲಿ ಚೀಸ್ ತುಂಬಿದ ಬಿಸಿ ಬಾನಿತ್ಸಾ, ಬಾಯಿ ತುಂಬ ಮಾತು. ಸಾಲಿನ ಪಕ್ಕದ ಕಬ್ಬಿಣದ ಕಂಬದ ಬಳಿ ನಿಂತಿದ್ದ ನೆವೆನಾಗೆ ಮಾತ್ರ ಬಾಯಿ ಒಣಗಿತ್ತು. ಅವಳು ಬಲಗೈಯಿಂದ ಎಡ ಮೊಣಕೈಯನ್ನು ಮುಚ್ಚಿಕೊಂಡಿದ್ದಳು. ಅಲ್ಲಿ ಅವಳ ಹಳದಿ ಜಾಕೆಟ್ ಹರಿದಿತ್ತು. ಹಿಂದೆ ಯಾರು ಅದರ ಒಡೆಯರಾಗಿದ್ದರೋ, ಅವರು ಹರಿದಲ್ಲಿಗೆ ಬೆಳ್ಳಿಬಣ್ಣದ ಟೇಪು ಸುತ್ತಿದ್ದರು. ಒಂದು ಚೂರು ಬಟ್ಟೆ ಇಟ್ಟು ಹೊಲಿಯೋಣವೆಂದರೆ ನಿನ್ನೆ ಹೊತ್ತಾಗಿಹೋಗಿತ್ತು.

ಆ ಕಂಬಕ್ಕೆ ಒಂದು ರೂಢಿಯಿತ್ತು. ಗುರುತು ಹಾಕಿದ ಜಾಡು ಬಿಟ್ಟು ಬೆಟ್ಟದ ಹಿಂಬದಿಗೆ ಹೋಗುವ ತಂಡಗಳು ಗೈಡನ್ನು ಆರಿಸಿಕೊಳ್ಳುತ್ತಿದ್ದುದು ಅಲ್ಲೇ. ಗೈಡುಗಳು ಕಂಬದ ಸುತ್ತ ನಿಲ್ಲಬೇಕು. ರಾಜಧಾನಿ ಸೋಫಿಯಾದಿಂದ ಬಂದವರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೇಕಾದವರನ್ನು ಕರೆದೊಯ್ಯುತ್ತಾರೆ. ದನದ ಸಂತೆಯಲ್ಲಾದರೆ ಹಲ್ಲು ನೋಡುತ್ತಾರೆ, ಇಲ್ಲಿ ಜಾಕೆಟ್ ನೋಡುತ್ತಾರೆ, ಅಷ್ಟೇ ವ್ಯತ್ಯಾಸ. ನೆವೆನಾ ಗೈಡ್ ಪರೀಕ್ಷೆ ಪಾಸಾಗಿ ಎರಡು ಚಳಿಗಾಲ ಕಳೆದಿದ್ದವು. ಹುಟ್ಟಿದ್ದು ಇದೇ ಊರಲ್ಲಿ; ಈ ಬೆಟ್ಟದ ಒಂದೊಂದು ಮಡಿಕೆಯೂ ಅವಳಿಗೆ ಗೊತ್ತು. ಆದರೆ ಹಿತ್ತಲ ಗಿಡ ಮದ್ದಲ್ಲ. ಹನ್ನೊಂದು ವರ್ಷದಿಂದ ಸ್ಕೀ ಶಾಲೆಯ ಕೆಂಪು ಜಾಕೆಟ್ ಹಾಕಿಕೊಂಡು ಚಿಕ್ಕ ಮಕ್ಕಳಿಗೆ ಬೀಳುವುದು, ಏಳುವುದು ಕಲಿಸಿದವಳನ್ನು ಬೆಟ್ಟದ ಹಿಂಬದಿಗೆ ಯಾರು ಕರೆದಾರು? ಕೆಂಪು ಜಾಕೆಟ್ ಕಂಡರೆ ಜನ ಮೂಗು ಒರೆಸುವ ಕರವಸ್ತ್ರ ಕೇಳುತ್ತಿದ್ದರು.

ಹೋದ ಸೋಮವಾರ ಗೈಡುಗಳ ಕಚೇರಿಯ ಹಿರಿಯ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಈ ಭಾನುವಾರದೊಳಗೆ ಒಂದಾದರೂ ತಂಡ ನಿನ್ನ ಹೆಸರು ಹಿಡಿದು ಕೇಳಬೇಕು, ಇಲ್ಲವಾದರೆ ಕಂಬದ ಬಳಿ ನಿನ್ನ ಜಾಗ ಬೇರೆಯವರಿಗೆ, ನೀನು ಮಕ್ಕಳ ಹತ್ತಿರ ವಾಪಸ್ಸು. ಇವತ್ತು ಶುಕ್ರವಾರ.

ಜಾಕೆಟ್ ಸಿಕ್ಕಿದ್ದು ನಿನ್ನೆ, ಸ್ತೋಯ್ನಾ ಅತ್ತೆಯ ಹಳೇ ಬಟ್ಟೆಯ ಅಂಗಡಿಯಲ್ಲಿ. ಅಲ್ಲಿ ಪ್ರತಿ ಶುಕ್ರವಾರ ಹೊಸ ಮೂಟೆ ಬಿಚ್ಚುತ್ತಾರೆ. ದಿನ ಕಳೆದಂತೆ ದರ ಇಳಿಯುತ್ತ ಬಂದು, ಗುರುವಾರ ಉಳಿದದ್ದೆಲ್ಲ ತಕ್ಕಡಿಗೆ ಬೀಳುತ್ತದೆ. ನೆವೆನಾ ಅಡುಗೆಮನೆಗೆಂದು ಎರಡು ಪರದೆ ಹುಡುಕುತ್ತಿದ್ದಾಗ ರಾಶಿಯ ತಳದಲ್ಲಿ ಹಳದಿ ತೋಳೊಂದು ಇಣುಕಿತು. ಎಳೆದರೆ, ಭುಜದ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಬಿಳಿ ಹಕ್ಕಿಯ ಕಸೂತಿ. ಸ್ಕೋರ್ವೆ ಕಂಪನಿಯ ಹಕ್ಕಿ. ಸೋಫಿಯಾದವರು ಆ ಹಕ್ಕಿಗೆ ಒಂದು ತಿಂಗಳ ಸಂಬಳ ಸುರಿಯುತ್ತಾರೆ.

"ತಗೊಳ್ಳೇ, ಪರದೆ ಜೊತೇಲೇ ತೂಗ್ಬಿಡ್ತೀನಿ. ಮೊಣಕೈ ಹರ್ದಿದೆ ಅಂತ ಯಾರೂ ಮುಟ್ಟಿಲ್ಲ," ಎಂದಿದ್ದಳು ಅತ್ತೆ.

ಈಗ ಆ ಹಕ್ಕಿಯ ಮೇಲೆ ಒಬ್ಬನ ಕಣ್ಣು ಬಿದ್ದಿತ್ತು. ಸಾಲಿನಿಂದ ಹೊರಬಂದು ನೆವೆನಾಳ ಭುಜವನ್ನೇ ದಿಟ್ಟಿಸುತ್ತ ನಿಂತವನು ಒಗ್ನ್ಯಾನ್. ಸೋಫಿಯಾದಲ್ಲಿ ಹಲ್ಲಿನ ಆಸ್ಪತ್ರೆ ಇಟ್ಟವನು. ಜೊತೆಗೆ ಅವನ ಭಾವಮೈದುನ ಕ್ರುಮ್ ಮತ್ತು ಬಿಲ್ಯಾನಾ ಎಂಬ ವಕೀಲೆ. ಮೂವರ ಮೈಮೇಲೂ ಅದೇ ಹಕ್ಕಿ, ಆದರೆ ಎಲ್ಲ ಹೊಚ್ಚ ಹೊಸದು, ನಡೆದರೆ ಸರಸರ ಸದ್ದು. ಹೊಸದಾಗಿರುವುದೇ ಅವರ ಸಂಕಟ. ಹಕ್ಕಿ ಇಲ್ಲದಿದ್ದರೆ ಮರ್ಯಾದೆಯಿಲ್ಲ. ಹಕ್ಕಿ ಹೊಳೆಯುತ್ತಿದ್ದರೆ ನಿನ್ನೆ ಮೊನ್ನೆ ಸ್ಕೀ ಕಲಿತವನೆಂದು ಜನ ಹಲ್ಲು ಕಿಸಿಯುತ್ತಾರೆ. ಕ್ರುಮ್ ತನ್ನ ಜಾಕೆಟ್ಟು ಹಳೆಯದಾಗಿ ಕಾಣಲೆಂದು ಅದನ್ನು ಕಲ್ಲಿನ ಜೊತೆ ಮೂರು ಸಲ ಒಗೆಸಿದ್ದಾನೆಂದು ಬಿಲ್ಯಾನಾ ಆಮೇಲೆ ಗೊಂಡೋಲದಲ್ಲಿ ಎಲ್ಲರೆದುರು ಬಯಲು ಮಾಡಿದಳು.

"ಈ ಹಳದಿ ಒಂಬತ್ತು ವರ್ಷದ ಹಿಂದಿಂದು," ಎಂದ ಒಗ್ನ್ಯಾನ್, ದೇವಸ್ಥಾನದಲ್ಲಿ ಮಾತಾಡುವವನಂತೆ. "ಬೆಟ್ಟದಲ್ಲೇ ಜೀವನ ಮಾಡೋರಿಗೆ ಅಂತ ಇನ್ನೂರೋ ಮುನ್ನೂರೋ ಹೊಲಿಸಿದ್ರು. ಅಂಗಡಿಗೆ ಬರ್ಲೇ ಇಲ್ಲ."

ಅತ್ತೆಯ ಅಂಗಡಿಗೆ ಬಂದಿತ್ತಲ್ಲ ಎಂದುಕೊಂಡ ನೆವೆನಾ ಬಾಯಿಗೆ ಬೀಗ ಹಾಕಿಕೊಂಡಳು. ಕೈ ಸರಿಯಿತು, ಟೇಪು ಕಂಡಿತು. ಮಾನ ಹೋಯಿತೆಂದೇ ಅವಳು ತಿಳಿದಳು. ಒಗ್ನ್ಯಾನ್ ಮುಖ ಮಾತ್ರ ಅರಳಿತು. ಅವನು ಕ್ರುಮ್‌ನನ್ನು ತಿವಿದು ಟೇಪನ್ನು ತೋರಿಸಿದ. ಎಲ್ಲಿ ಹರಿಯಿತು ಎಂದು ಕೇಳಿದ್ದಕ್ಕೆ ನೆವೆನಾ, ಬಂಡೆಗೆ ತಗುಲಿರಬೇಕು ಎಂದಳು. ಸುಳ್ಳೇನೂ ಅಲ್ಲ, ಎಲ್ಲಿಯೋ ಯಾವುದೋ ಬಂಡೆಗೆ ತಗುಲಿರಲೇಬೇಕು. ತಮ್ಮನ್ನು ಕರೆದುಕೊಂಡು ಹೋಗುತ್ತೀರಾ ಎಂದು ಅವನು ಕೇಳಿದಾಗ ಅವಳ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ, ಹಕ್ಕಿಯೂ ಅಲುಗಿರಬಹುದು. ಕ್ರುಮ್ ಓಡಿಹೋಗಿ ಕಚೇರಿಯ ಪುಸ್ತಕದಲ್ಲಿ ಬರೆಸಿ ಬಂದ. ಎರಡು ಚಳಿಗಾಲದಲ್ಲಿ ಮೊದಲ ತಂಡ! ಗೊಂಡೋಲ ನೆಲ ಬಿಟ್ಟು ಪೈನ್ ಮರಗಳ ತುದಿಗೇರಿದಾಗ ನೆವೆನಾಗೆ ಗಟ್ಟಿಯಾಗಿ ನಗಬೇಕೆನಿಸಿತು.

ಮೇಲೆ ಬಿಸಿಲು ಬಿದ್ದಿತ್ತು. ಸ್ಕೀಗಳನ್ನು ಬೆನ್ನಿಗೆ ಕಟ್ಟಿ ಒಂದು ಗಂಟೆ ಹತ್ತಿದರು. ನೆವೆನಾ ಮುಂದೆ ಹೆಜ್ಜೆ ಕೊರೆಯುತ್ತ ಹೋದಳು. ಮೂವರೂ ಅವಳ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ಬಂದರು. ಅವಳು ನಿಂತರೆ ನಿಲ್ಲುತ್ತಿದ್ದರು, ನೀರು ಕುಡಿಯಿರಿ ಎಂದರೆ ಕುಡಿಯುತ್ತಿದ್ದರು. ಇಷ್ಟು ವಿಧೇಯತೆಯನ್ನು ಅವಳು ಐದು ವರ್ಷದ ಮಕ್ಕಳಲ್ಲೂ ಕಂಡಿರಲಿಲ್ಲ. ದಿಣ್ಣೆಯ ನೆತ್ತಿ ತಲುಪಿದಾಗ ಕೆಳಗೆ ಬಟ್ಟಲಿನಂಥ ಇಳಿಜಾರು ತೆರೆದುಕೊಂಡಿತು. ಒಂದು ಗೀರೂ ಇಲ್ಲದ ಹಿಮ, ಮೊಸರು ಹೆಪ್ಪುಗಟ್ಟಿದಂತೆ. ಒಗ್ನ್ಯಾನ್ ಗಂಟಲಿನಿಂದ ಚಿಕ್ಕದೊಂದು ಸದ್ದು ಹೊರಟಿತು.

ಹಿಮ ಗಟ್ಟಿಯಾಗಿ ಕೂತಿದೆಯೇ ಎಂದು ನೋಡಲು ನೆವೆನಾ ಅಂಚಿನಲ್ಲಿ ಸಲಿಕೆಯಿಂದ ಅಗೆದು, ಸಲಿಕೆಯ ಅಲಗಿನಷ್ಟು ಅಗಲದ ಒಂದು ಹಿಮದ ಕಂಬ ಕಡಿದಳು. ಅದರ ತಲೆಯ ಮೇಲೆ ಸಲಿಕೆಯಿಟ್ಟು ಅಂಗೈಯಿಂದ ತಟ್ಟಿದಳು. ಒಂದು, ಎರಡು. ಮೂರನೆಯದಕ್ಕೆ ಮೇಲಿನ ಅರ್ಧ ಕತ್ತರಿಸಿದಂತೆ ಜಾರಿ ಅವಳ ಮಡಿಲಿಗೆ ಬಿತ್ತು. ಗಾಳಿ ತಂದು ಒತ್ತಿದ ಹಿಮ ಹಳೆಯ ಹಿಮಕ್ಕೆ ಅಂಟಿರಲಿಲ್ಲ. ನಾಲ್ಕು ಜನ ಇಳಿದರೆ ಇಡೀ ಇಳಿಜಾರೇ ಹೀಗೆ ಜಾರಬಹುದು. ಅವಳು ಎದ್ದು, ಇಲ್ಲಿ ಬೇಡ, ಎಡಗಡೆಯ ಕಾಡಿನಲ್ಲಿ ಇಳಿಯೋಣ ಎಂದಳು.

ಒಗ್ನ್ಯಾನ್ ಅವಳು ತಮಾಷೆ ಮಾಡುತ್ತಿದ್ದಾಳೆಂದು ನಕ್ಕ. ಆಮೇಲೆ ಅರ್ಥವಾಯಿತೆಂಬಂತೆ ಕಣ್ಣು ಮಿಟುಕಿಸಿದ.

"ನಮ್ಮನ್ನ ಪರೀಕ್ಷೆ ಮಾಡ್ತಿದೀರಾ ಅಲ್ವಾ? ನಾವು ಹೆದರೋರಲ್ಲ ಮೇಡಂ. ಈ ಜಾಕೆಟ್ ಹಾಕ್ಕೊಂಡೋರು ಇಲ್ಲೀವರೆಗೂ ಬಂದು ವಾಪಸ್ ಹೋಗಿದ್ದು ನಾನಂತೂ ಕೇಳಿಲ್ಲ."

ಕ್ರುಮ್ ಆಗಲೇ ಸ್ಕೀ ಕಟ್ಟುತ್ತಿದ್ದ. ನೆವೆನಾ ಮತ್ತೆ ಹೇಳಿದಳು, ಜಾರಿದ ಹಿಮವನ್ನು ತೋರಿಸಿದಳು. ಒಗ್ನ್ಯಾನ್ ತಲೆಯಾಡಿಸುತ್ತ ಅವಳ ಭುಜದ ಹಕ್ಕಿಯ ಜೊತೆಗೇ ಮಾತಾಡುತ್ತಿದ್ದ. ಇದಕ್ಕಿಂತ ಕಡಿದಾದಲ್ಲಿ ನೀವು ಇಳಿದಿರುತ್ತೀರಿ, ಆ ಮೊಣಕೈ ನೋಡಿದರೇ ತಿಳಿಯುತ್ತದೆ ಎಂದ. ಇಷ್ಟು ದಿನ ಜಾಕೆಟ್ ಇಲ್ಲದ್ದಕ್ಕೆ ಅವಳ ಮಾತು ಯಾರೂ ಕೇಳುತ್ತಿರಲಿಲ್ಲ. ಈಗ ಜಾಕೆಟ್ ಇರುವುದಕ್ಕೇ ಕೇಳುತ್ತಿಲ್ಲ. ನಿಜ ಹೇಳಿದರೆ ತಂಡ ಹೋಯಿತು, ಕಂಬದ ಜಾಗವೂ ಹೋಯಿತು. ಕ್ರುಮ್‌ನ ಸ್ಕೀಯ ಮೂತಿ ಅಂಚಿನಿಂದಾಚೆ ಚಾಚಿತ್ತು.

"ಈ ಜಾಕೆಟ್ ನಂದಲ್ಲ," ಎಂದಳು ನೆವೆನಾ. "ನಿನ್ನೆ ಗುರುವಾರ ನಮ್ಮತ್ತೆ ಅಂಗಡೀಲಿ ಕಿಲೋ ಲೆಕ್ಕದಲ್ಲಿ ತಗೊಂಡೆ. ಎರಡು ಪರದೆ ಜೊತೆ ತೂಗಿಸ್ಕೊಂಡು. ಮೊಣಕೈ ಯಾರು ಹರ್ಕೊಂಡ್ರೋ ನಂಗೊತ್ತಿಲ್ಲ. ಹನ್ನೊಂದು ವರ್ಷದಿಂದ ನಾನು ಮಕ್ಳಿಗೆ ಸ್ಕೀ ಕಲಿಸ್ತಿದೀನಿ. ಈ ಬೆಟ್ಟ ಮಾತ್ರ ನಂಗೊತ್ತು. ಇಲ್ಲಿ ಇಳೀಬೇಡಿ."

ಒಗ್ನ್ಯಾನ್ ಮುಖ ಹರಳೆಣ್ಣೆ ಕುಡಿದಂತಾಗಿತ್ತು. ಅವನು ಹಕ್ಕಿಯನ್ನು ನೋಡಿದ, ಟೇಪನ್ನು ನೋಡಿದ, ಆ ಬೆಳಗ್ಗೆ ಮೊಟ್ಟಮೊದಲ ಸಲ ಅವಳ ಮುಖವನ್ನು ನೋಡಿದ.

"ಪರದೆ ಯಾವ ಬಣ್ಣ?" ಎಂದು ಕೇಳಿದಳು ಬಿಲ್ಯಾನಾ.

"ಹಸಿರು."

ಬಿಲ್ಯಾನಾ ಕಿಸಕ್ಕನೆ ನಕ್ಕವಳು ಹೊಟ್ಟೆ ಹಿಡಿದುಕೊಂಡು ಹಿಮದ ಮೇಲೇ ಕೂತುಬಿಟ್ಟಳು. ನಗು ಮುಗಿದಾಗ ಕಣ್ಣೊರೆಸಿಕೊಂಡು, ಎದ್ದು, ಸ್ಕೀಗಳನ್ನು ಎಡಕ್ಕೆ, ಕಾಡಿನ ಕಡೆಗೆ ತಿರುಗಿಸಿ ನಿಂತಳು. ಕ್ರುಮ್ ಒಮ್ಮೆ ಭಾವನನ್ನೂ ಒಮ್ಮೆ ಇಳಿಜಾರನ್ನೂ ನೋಡಿ, ಮೆಲ್ಲಗೆ ಹಿಂದೆ ಸರಿದ. ಒಗ್ನ್ಯಾನ್ ಕೊನೆಯವನಾಗಿ ಬಂದ, ಹಲ್ಲು ಕಚ್ಚಿಕೊಂಡು.

ಆದರೆ ಆ ಕಾಡೋ! ಮುದಿ ಪೈನ್ ಮರಗಳ ನಡುವೆ ಸೊಂಟದವರೆಗೆ ಹಿಮ, ಅರಳೆಯ ಹಾಗೆ ಹಗುರ. ಮರಗಳ ಸಾಲು ಎಲ್ಲಿ ದಾರಿ ಬಿಡುತ್ತದೆ, ಬಂಡೆ ಎಲ್ಲಿ ಅಡಗಿದೆ, ತೊರೆಯನ್ನು ಎಲ್ಲಿ ಹಾರಬೇಕು, ಎಲ್ಲ ನೆವೆನಾಳ ಕಾಲಿಗೇ ಗೊತ್ತಿತ್ತು. ಅವಳು ಎಡಕ್ಕೆ ಬಾಗಿದರೆ ಮೂವರೂ ಎಡಕ್ಕೆ, ಬಲಕ್ಕೆ ಬಾಗಿದರೆ ಬಲಕ್ಕೆ. ಹಿಮ ಮುಖಕ್ಕೆ ಹೊಡೆಯುತ್ತಿತ್ತು, ಉಸಿರು ಸಿಗುತ್ತಿರಲಿಲ್ಲ, ಕ್ರುಮ್ ಮಗುವಿನಂತೆ ಕೇಕೆ ಹಾಕುತ್ತಿದ್ದ. ಒಂದು ಕಡೆ ಒಗ್ನ್ಯಾನ್ ತಲೆಕೆಳಗಾಗಿ ಹಿಮದಲ್ಲಿ ಹೂತುಹೋದ. ನೆವೆನಾ ಮಕ್ಕಳನ್ನು ಎತ್ತುವ ಅಭ್ಯಾಸದಿಂದಲೇ ಅವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಬೆನ್ನಿನ ಹಿಮ ಕೊಡವಿದಳು. ಇನ್ನೊಂದು ಸಲ ಹೋಗೋಣವೇ ಎಂದು ಮೊದಲು ಕೇಳಿದವನು ಅವನೇ. ಅವತ್ತು ಆ ಕಾಡನ್ನು ನಾಲ್ಕು ಸಲ ಇಳಿದರು.

ಮಧ್ಯಾಹ್ನ ಕಳೆದ ಮೇಲೆ ಗೊಂಡೋಲದಲ್ಲಿ ಊರಿಗೆ ಇಳಿಯುವಾಗ ದಿಣ್ಣೆಗಳ ಸಂದಿನಲ್ಲಿ ಬಟ್ಟಲಿನ ಇಳಿಜಾರು ದೂರದಲ್ಲಿ ಕಾಣಿಸಿತು. ಅದರ ಮೇಲೆ ಎರಡು ಗೆರೆ. ಯಾರೋ ಇಬ್ಬರು ಇಳಿದು ಹೋಗಿದ್ದರು.

"ನೋಡಿ, ಹೋದ್ರು. ಏನೂ ಆಗ್ಲಿಲ್ಲ," ಎಂದ ಒಗ್ನ್ಯಾನ್.

"ಆಗ್ಲಿಲ್ಲ. ಒಳ್ಳೇದಾಯ್ತು," ಎಂದಳು ನೆವೆನಾ. ಹಾಗೆಂದು ಅವಳಿಗೆ ನಿಜವಾಗಿಯೂ ಅನಿಸಿತ್ತು. ಒಗ್ನ್ಯಾನ್ ಕಿಟಕಿಯಿಂದ ಆ ಗೆರೆಗಳನ್ನೇ ನೋಡುತ್ತ ಕೂತ.

ಕೆಳಗಿಳಿದ ಮೇಲೆ ಅವನು ಅತ್ತೆಯ ಅಂಗಡಿ ನೋಡಲೇಬೇಕೆಂದು ಹಟ ಹಿಡಿದ. ಅಲ್ಲಿ, ಚೌಕಾಸಿ ಮಾಡುತ್ತಿದ್ದ ಹೆಂಗಸರ ಮಧ್ಯೆ, ಆ ಜಾಕೆಟ್ಟನ್ನು ತನಗೇ ಕೊಡಬೇಕೆಂದು ಕೇಳಿದ. ನೀವು ಹೇಳಿದ ಬೆಲೆ ಎಂದ. ತೋಳು ಹೇಗೂ ನೆವೆನಾಗೆ ಉದ್ದವಾಗಿತ್ತು. ಅವಳು ಜಾಕೆಟ್ಟನ್ನು ಬಿಚ್ಚಿ ತಕ್ಕಡಿಯ ಮೇಲಿಟ್ಟಳು. ಅತ್ತೆ ಕನ್ನಡಕ ಏರಿಸಿ ಮುಳ್ಳು ನೋಡಿದಳು.

"ನಿನ್ನೆ ಬಂದಿದ್ರೆ ಅಗ್ಗ ಆಗ್ತಿತ್ತಪ್ಪ. ಇವತ್ತು ಶುಕ್ರವಾರ, ಹೊಸ ಮಾಲಿನ ದರ."

ಒಗ್ನ್ಯಾನ್ ಚೌಕಾಸಿ ಮಾಡದೆ ಶುಕ್ರವಾರದ ದರ ಕೊಟ್ಟ.

ಸಂಜೆ ನೆವೆನಾ ಕಚೇರಿಗೆ ಹೋದಾಗ ಹಿರಿಯ ಪುಸ್ತಕ ತಿರುಗಿಸಿ ತೋರಿಸಿದ. ಕ್ರುಮ್ ಬರೆಸಿದ್ದು ಇಷ್ಟೇ: ಹಳದಿ ಜಾಕೆಟ್ಟಿನ ಗೈಡ್. ಹೆಸರು ಅವರು ಕೇಳಿರಲೇ ಇಲ್ಲ. ಇದು ಲೆಕ್ಕಕ್ಕೆ ಬರುವುದಿಲ್ಲ ಎಂದ ಹಿರಿಯ, ಸ್ವಲ್ಪ ಬೇಜಾರಿನಲ್ಲೇ. ಅವಳಿಗೆ ಅಳು ಬಂತು. ಮನೆಗೆ ಹೋಗಿ ಹಸಿರು ಪರದೆ ನೇತುಹಾಕಿ, ಕೆಂಪು ಜಾಕೆಟ್ಟನ್ನು ಮೊಳೆಯಿಂದ ತೆಗೆದಳು. ಅದರ ಎದೆಯ ಮೇಲೆ ಯಾವುದೋ ಮಗು ಅಂಟಿಸಿದ್ದ ಮೊಲದ ಚಿತ್ರವಿತ್ತು. ಕೀಳಲು ಹೋದರೆ ಬರಲಿಲ್ಲ.

ಶನಿವಾರ ಬೆಳಗ್ಗೆ ಅವಳು ಕಂಬದ ಬಳಿ ನಿಂತಳು, ಮೊಲದ ಸಮೇತ. ಮತ್ತೆ ಒಂದು ಗೇಣು ಹಿಮ ಬಿದ್ದಿತ್ತು, ಸಾಲು ಸೇತುವೆಯವರೆಗೂ ಹೋಗಿತ್ತು. ತಂಡಗಳು ಅವಳ ಮುಂದೆ ಬಂದು, ಮೊಲವನ್ನು ನೋಡಿ, ಪಕ್ಕದವರ ಕಡೆ ಹೊರಳುತ್ತಿದ್ದವು.

ಸಾಲಿನ ನಡುವೆ ಒಂದು ಹಳದಿ ಜಾಕೆಟ್ ಹೊಳೆಯಿತು. ಒಗ್ನ್ಯಾನ್. ಎಡಗೈಯನ್ನು ಸೊಂಟಕ್ಕಿಟ್ಟು, ಟೇಪು ಎಲ್ಲರಿಗೂ ಕಾಣುವಂತೆ ಮೊಣಕೈ ಚಾಚಿ ನಿಂತಿದ್ದ. ಆಗ ಪ್ಲೊವ್ದಿವ್ ನಗರದ ಮೂವರು ಯುವಕರು ಸಾಲು ದಾಟಿ ಅವನ ಹತ್ತಿರ ಹೋದರು. ಮೊದಲು ಹಕ್ಕಿಯನ್ನು, ಆಮೇಲೆ ಟೇಪನ್ನು ನೋಡಿ, ಅವರಲ್ಲೊಬ್ಬ ಟೋಪಿ ತೆಗೆದು ವಿನಯದಿಂದ ಏನೋ ಕೇಳಿದ. ಏನು ಕೇಳಿರಬಹುದೆಂದು ಇಲ್ಲಿ ನಿಂತ ನೆವೆನಾಗೆ ತಿಳಿಯಿತು. ಒಗ್ನ್ಯಾನ್ ಎದೆ ಉಬ್ಬಿತು. ಅವನು ತಕ್ಷಣ ಉತ್ತರ ಕೊಡಲಿಲ್ಲ. ಆ ಒಂದು ಗಳಿಗೆಯ ರುಚಿ ಎಂಥದೆಂದು ಅವಳಿಗೆ ನಿನ್ನೆಯಿಂದ ಗೊತ್ತಿತ್ತು.

ಅವನು ಕತ್ತೆತ್ತಿ ಕಂಬದ ಕಡೆ ನೋಡಿದ. ಅವಳು ಇದ್ದಳು. ಅವನು ಬಿಲ್ಯಾನಾ ಕಡೆ ಬಾಗಿ, ನಿನ್ನೆ ಅಂಗಡಿಯಲ್ಲಿ ಅತ್ತೆ ಕರೆದ ಹೆಸರು ಯಾವುದೆಂದು ಕೇಳಿ ತಿಳಿದುಕೊಂಡು, ಕೈಯಲ್ಲಿದ್ದ ಸ್ಕೀ ಕೋಲನ್ನು ಜನರ ತಲೆಯ ಮೇಲಿಂದ ಎತ್ತಿ ತೋರಿಸಿದ.

"ನಾನಲ್ಲಪ್ಪ. ಅಲ್ಲಿ ನೋಡಿ, ಕೆಂಪು ಜಾಕೆಟ್ಟು, ಮೊಲ ಇದೆಯಲ್ಲ, ಅವರು. ನೆವೆನಾ ಅಂತ. ನಾವೂ ಅವರ ಜೊತೇಲೇ ಹೋಗೋದು."

ಇಡೀ ಸಾಲು ತಿರುಗಿ ನೋಡಿತು. ಕಚೇರಿಯ ಬಾಗಿಲಲ್ಲಿ ನಿಂತಿದ್ದ ಹಿರಿಯ ಕಿವಿಯಿಂದ ಪೆನ್ಸಿಲ್ ತೆಗೆದು ತುದಿಯನ್ನು ನಾಲಿಗೆಗೆ ಒತ್ತಿಕೊಂಡು ಪುಸ್ತಕ ಬಿಚ್ಚಿದ. ನೆವೆನಾಳ ಬಲಗೈ ತಾನಾಗಿ ಎಡ ಮೊಣಕೈಗೆ ಹೋಯಿತು. ಮುಚ್ಚಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಅವಳು ಬಗ್ಗಿ ಸ್ಕೀಗಳನ್ನೆತ್ತಿ ಹೆಗಲಿಗೇರಿಸಿದಳು.